ಎತ್ತುವುದಲ್ಲ, ಕತ್ತರಿಸುವುದೇ ಕಷ್ಟ: ಬಾಲ್ಟಿಮೋರ್ ಸೇತುವೆ ತೆರವಿನ ಹನ್ನೊಂದು ವಾರ

ಡಾಲಿ ಎಂಬ ಕಂಟೇನರ್ ಹಡಗು ಅಮೆರಿಕದ ಬಾಲ್ಟಿಮೋರ್‌ನ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಗುದ್ದಿದ ವಿಡಿಯೊವನ್ನು ನೀವೂ ನೋಡಿರುತ್ತೀರಿ. 2024ರ ಮಾರ್ಚ್ 26, ಮಧ್ಯರಾತ್ರಿ ಕಳೆದು ಒಂದೂವರೆ ಗಂಟೆಯ ಹೊತ್ತು. ಹಡಗಿನ ದೀಪಗಳು ಆರುತ್ತವೆ, ಹೊತ್ತಿಕೊಳ್ಳುತ್ತವೆ, ಮತ್ತೆ ಆರುತ್ತವೆ. ಆಮೇಲೆ ಕಂಬಕ್ಕೆ ಗುದ್ದು. ಕೆಲವೇ ಸೆಕೆಂಡುಗಳಲ್ಲಿ ಸೇತುವೆಯ ನಡುವಿನ ದೊಡ್ಡ ಭಾಗ ಪಟಾಪ್ಸ್ಕೋ ನದಿಗೆ ಬಿತ್ತು. ಆ ವಿಡಿಯೊ ಜಗತ್ತೆಲ್ಲ ಸುತ್ತಿತು. ಬಿದ್ದದ್ದನ್ನು ಎತ್ತಿದ ಕಥೆ ಮಾತ್ರ ಅಷ್ಟು ಸುತ್ತಲಿಲ್ಲ. ಅಲ್ಲೊಂದು ಇಲ್ಲೊಂದು ದೈತ್ಯ ಕ್ರೇನಿನ ಫೋಟೊ ಬಂತು, ಅಷ್ಟೇ.

ಕ್ರೇನ್ ಫೋಟೊಗೆ ಚೆನ್ನಾಗಿರುತ್ತದೆ. ಸಾವಿರ ಟನ್ ಎತ್ತುವ ಯಂತ್ರ ಎಂದರೆ ಯಾರಿಗಾದರೂ ಬೆರಗೇ. ಆದರೆ ಈ ಪ್ರಕರಣದಲ್ಲಿ ಸಮಯ ತಿಂದದ್ದು ಎತ್ತುವ ಕೆಲಸವಲ್ಲ. ಕೆಸರು ನೀರಿನ ತಳದಲ್ಲಿ ಯಾವುದರ ಮೇಲೆ ಯಾವುದು ಬಿದ್ದಿದೆ, ಎಲ್ಲಿ ಕತ್ತರಿಸಿದರೆ ಯಾವ ತುಂಡು ಯಾವ ಕಡೆ ಜಿಗಿಯುತ್ತದೆ ಎಂದು ಕಂಡುಹಿಡಿಯುವುದೇ ನಿಜವಾದ ಕೆಲಸವಾಗಿತ್ತು.

ಮೊದಲು ಜಾಗ ಗೊತ್ತಿರಬೇಕು. ಕೀ ಸೇತುವೆ 1977ರ ಮಾರ್ಚ್‌ನಲ್ಲಿ ಸಂಚಾರಕ್ಕೆ ತೆರೆದದ್ದು. ಉದ್ದ ಸುಮಾರು 2.6 ಕಿಲೋಮೀಟರ್. ನಡುವಿನ ದೊಡ್ಡ ಭಾಗ ಉಕ್ಕಿನ ಟ್ರಸ್, ಅಂದರೆ ತೊಲೆಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದ ಹಂದರ. ಮೂರು ಅಂಕಣಗಳು, ಅಂದರೆ ಕಂಬದಿಂದ ಕಂಬಕ್ಕೆ ಚಾಚಿದ ಭಾಗಗಳು. ನಡುವಿನದು 1,200 ಅಡಿ, ಅಕ್ಕಪಕ್ಕದ ಎರಡು 722 ಅಡಿ. ಮೂರೂ ಬೇರೆ ಬೇರೆಯಲ್ಲ, ಒಂದೇ ಉದ್ದದ ಹಂದರ. ಒಂದು ಅಂಕಣದ ಭಾರವನ್ನು ಇನ್ನೊಂದು ಹೊರುವ ಲೆಕ್ಕ. ಕಡಿಮೆ ಉಕ್ಕಿನಲ್ಲಿ ಉದ್ದದ ಸೇತುವೆ ಕಟ್ಟಲು ಇದು ಒಳ್ಳೆಯ ಉಪಾಯ. ಆದರೆ ಒಂದು ಕಂಬ ಹೋದರೆ ಉಳಿದ ಅಂಕಣಗಳು ತಾವಾಗಿ ನಿಲ್ಲಲಾರವು. ಆ ರಾತ್ರಿ ಆದದ್ದು ಅದೇ.

ಈ ಸೇತುವೆಯ ಕೆಳಗೇ ಬಾಲ್ಟಿಮೋರ್ ಬಂದರಿನ ಮುಖ್ಯ ಹಡಗು ದಾರಿ. 700 ಅಡಿ ಅಗಲ, 50 ಅಡಿ ಆಳ. ಕಾರು, ಟ್ರ್ಯಾಕ್ಟರು, ಕೃಷಿ ಯಂತ್ರಗಳನ್ನು ಸಾಗಿಸುವುದರಲ್ಲಿ ಅಮೆರಿಕದ ಮೊದಲ ಸಾಲಿನ ಬಂದರಿದು. 2023ರಲ್ಲಿ ಇಲ್ಲಿ ಹತ್ತಿ ಇಳಿದ ಕಾರು ಮತ್ತು ಲಘು ಟ್ರಕ್ಕುಗಳು ಸುಮಾರು 8.47 ಲಕ್ಷ. ಕಲ್ಲಿದ್ದಲು ರಫ್ತಿನಲ್ಲೂ ದೊಡ್ಡ ಹೆಸರು. ಇಲ್ಲಿಂದ ಹೊರಡುವ ಉರುವಲು ಕಲ್ಲಿದ್ದಲಿನ ದೊಡ್ಡ ಪಾಲು ಬರುತ್ತಿದ್ದದ್ದು ಭಾರತಕ್ಕೆ, ನಮ್ಮ ಉತ್ತರದ ಇಟ್ಟಿಗೆ ಭಟ್ಟಿಗಳಿಗೆ. ಅಷ್ಟು ದೂರದಲ್ಲಿ ಸೇತುವೆ ಬಿದ್ದರೆ ಇಲ್ಲಿನ ಇಟ್ಟಿಗೆ ಬೆಲೆಯ ಬಗ್ಗೆ ಯಾರೋ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ!

ಭಾರತದ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಡಾಲಿಯಲ್ಲಿದ್ದ 21 ಸಿಬ್ಬಂದಿಯಲ್ಲಿ 20 ಜನ ಭಾರತೀಯರು, ಒಬ್ಬರು ಶ್ರೀಲಂಕಾದವರು. ಹಡಗು ಹೊರಟಿದ್ದದ್ದು ಕೊಲಂಬೊಗೆ. ಸಿಂಗಪುರದ ಧ್ವಜ, 984 ಅಡಿ ಉದ್ದ, ಮೇಲೆ ಸುಮಾರು 4,700 ಕಂಟೇನರ್. ಕರೆಂಟು ಹೋಗಿ ಹಡಗು ಹಿಡಿತ ತಪ್ಪಿದಾಗ ಕಳಿಸಿದ ಅಪಾಯದ ಕರೆಯಿಂದ ಪೊಲೀಸರು ಸೇತುವೆಯ ಎರಡೂ ತುದಿಯಲ್ಲಿ ವಾಹನ ತಡೆದರು. ಎಷ್ಟೋ ಜೀವ ಉಳಿಯಿತು. ಆದರೆ ಸೇತುವೆಯ ಮೇಲೆ ರಸ್ತೆ ಗುಂಡಿ ಮುಚ್ಚುತ್ತಿದ್ದ ಕೆಲಸಗಾರರಿಗೆ ಓಡಲು ಸಮಯ ಸಿಗಲಿಲ್ಲ. ಆರು ಜನ ಸತ್ತರು. ಎಲ್ಲರೂ ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡೋರ್ ಕಡೆಯಿಂದ ದುಡಿಯಲು ಬಂದವರು.

ಬೆಳಗಾದಾಗ ಮುಂದಿದ್ದದ್ದು ಒಂದಲ್ಲ, ಮೂರು ಕೆಲಸ. ಸತ್ತವರನ್ನು ಹುಡುಕಬೇಕು. ಹಡಗು ದಾರಿ ಬಿಡಿಸಬೇಕು. ಮೂತಿಯ ಮೇಲೆ ಸೇತುವೆ ಹೊತ್ತು ಸಿಕ್ಕಿಕೊಂಡ ಡಾಲಿಯನ್ನು ಹೊರಗೆ ತರಬೇಕು. ಮೂರೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಕೋಸ್ಟ್ ಗಾರ್ಡ್, ಸೇನೆಯ ಎಂಜಿನಿಯರ್ ದಳ, ಮೇರಿಲ್ಯಾಂಡ್ ರಾಜ್ಯದ ಇಲಾಖೆಗಳು, ಹಡಗಿನ ಕಡೆಯವರು ಎಲ್ಲ ಸೇರಿ ಒಂದೇ ಕಮಾಂಡ್ ಮಾಡಿಕೊಂಡರು. ನೌಕಾಪಡೆಯ ಸಾಲ್ವೇಜ್ ವಿಭಾಗವು, ಅಂದರೆ ನೀರಿನಲ್ಲಿ ಮುಳುಗಿದ್ದು ಸಿಕ್ಕಿಕೊಂಡದ್ದನ್ನು ತೆಗೆಯುವ ವಿಭಾಗವು, ಡಾನ್‌ಜಾನ್ ಮರೀನ್ ಎಂಬ ಕಂಪನಿಯನ್ನು ಕರೆಸಿತು. ಹಡಗು ಬಿಡಿಸುವ ಹೊಣೆ ರಿಸಾಲ್ವ್ ಮರೀನ್ ಪಾಲಿಗೆ. ಸೇತುವೆಯ ಉಳಿದ ಭಾಗಕ್ಕೆ ಸ್ಕಾನ್ಸ್ಕಾ ಕಂಪನಿ. ಕೆಲಸ ಯಾರದು ಎಂಬ ಜಗಳ ಇಲ್ಲದೆ ಹೀಗೆ ಹಂಚಿಕೊಂಡದ್ದೇ ಅರ್ಧ ಗೆಲುವು ಅಂತ ನನಗನಿಸುತ್ತದೆ.

ಈಗ ಕ್ರೇನ್ ವಿಷಯಕ್ಕೆ ಬರೋಣ. ಮಾರ್ಚ್ 29ಕ್ಕೆ ಬಂದದ್ದು ಚೆಸಪೀಕ್ 1000. ಸಾವಿರ ಟನ್ ಎತ್ತುವ ತೇಲುವ ಕ್ರೇನ್, ಅಮೆರಿಕದ ಪೂರ್ವ ಕರಾವಳಿಯಲ್ಲೇ ದೊಡ್ಡದು ಎಂದು ಆಗ ಹೇಳುತ್ತಿದ್ದರು. ಇದರ ಹಿನ್ನೆಲೆ ಮಜವಾಗಿದೆ. 1970ರ ದಶಕದ ಆರಂಭದಲ್ಲಿ ಪೆನ್ಸಿಲ್ವೇನಿಯಾದ ಸನ್ ಶಿಪ್‌ಬಿಲ್ಡಿಂಗ್ ಅದನ್ನು ಕಟ್ಟಿದಾಗ ಹೆಸರು ಸನ್ 800. ಗ್ಲೋಮರ್ ಎಕ್ಸ್‌ಪ್ಲೋರರ್ ಎಂಬ ಹಡಗು ಕಟ್ಟುವಾಗ ಭಾರೀ ಭಾಗಗಳನ್ನು ಎತ್ತಿ ಕೂರಿಸಲು ಬೇಕಾಗಿತ್ತು. ಆ ಹಡಗು ಸಮುದ್ರದ ತಳದಿಂದ ಗಣಿ ತೆಗೆಯುವುದಕ್ಕೆ ಅಂತ ಹೊರಗೆ ಸುದ್ದಿ. ಒಳಗಿನ ಸತ್ಯವೇ ಬೇರೆ. ಮುಳುಗಿದ ಸೋವಿಯತ್ ಸಬ್‌ಮರೀನನ್ನು ಕದ್ದುಮುಚ್ಚಿ ಎತ್ತಲು ಸಿಐಎ ಮಾಡಿಸಿದ ಹಡಗು ಅದು. ಐವತ್ತು ವರ್ಷದ ಹಿಂದಿನ ಆ ಕ್ರೇನ್ ಆಮೇಲೆ ಬಲ ಹೆಚ್ಚಿಸಿಕೊಂಡು ಡಾನ್‌ಜಾನ್ ಕೈಗೆ ಬಂದು ಇಲ್ಲಿ ನಿಂತಿತ್ತು.

ಚೆಸಪೀಕ್ 1000 ಒಂದು ಶಿಯರ್‌ಲೆಗ್ ಕ್ರೇನ್. ಅಂದರೆ ಅದರ ತೋಳು ಅದು ನಿಂತಿರುವ ಬಾರ್ಜಿನ (ಚಪ್ಪಟೆ ತಳದ ದೋಣಿಯ) ಮುಂದಕ್ಕೆ ಚಾಚಿರುತ್ತದೆ, ಎಡಕ್ಕೆ ಬಲಕ್ಕೆ ತಿರುಗುವುದಿಲ್ಲ. ತುಂಡನ್ನು ಪಕ್ಕಕ್ಕೆ ಇಡಬೇಕೆಂದರೆ ಇಡೀ ಬಾರ್ಜನ್ನೇ ತಿರುಗಿಸಬೇಕು. ಅದಕ್ಕೆ ಎಳೆದು ತಳ್ಳುವ ಟಗ್ ದೋಣಿಗಳು ಬೇಕು, ಜಾಗ ಬೇಕು. ಸೇತುವೆಯ ಚೂರುಗಳು ಎಲ್ಲೆಂದರಲ್ಲಿ ಬಿದ್ದಿರುವ ನದಿಯಲ್ಲಿ ಜಾಗವೇ ದುಬಾರಿ. ತಿರುಗುವ ಕ್ರೇನ್‌ಗಳೂ ಬಂದವು, ಬಲ ಕಡಿಮೆ, ಆದರೆ ಕೈ ಚುರುಕು. ಅದರಲ್ಲಿ ವೀಕ್ಸ್ 533 ಎಂಬುದು 500 ಟನ್ನಿನದು. 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಇಳಿದ ವಿಮಾನವನ್ನು ಮೇಲೆತ್ತಿದ್ದು ಇದೇ ಕ್ರೇನ್.

ಸಾವಿರ ಟನ್ ಎಂಬ ಅಂಕಿ ಕೇಳಿ ಮೋಸ ಹೋಗಬಾರದು. ತೋಳನ್ನು ಮುಂದಕ್ಕೆ ಚಾಚಿದಷ್ಟೂ ಎತ್ತುವ ಬಲ ಕಡಿಮೆಯಾಗುತ್ತದೆ. ಅದೂ ಅಲ್ಲದೆ ನೀರಿನೊಳಗಿನ ತೂಕ ಬೇರೆ, ಹೊರಗಿನ ತೂಕ ಬೇರೆ. ಉಕ್ಕು ನೀರೊಳಗೆ ತನ್ನ ತೂಕದ ಎಂಟನೇ ಒಂದು ಪಾಲು ಕಳೆದುಕೊಂಡಂತೆ ಇರುತ್ತದೆ. 800 ಟನ್ನಿನ ತುಂಡು ಕೆಳಗಿದ್ದಾಗ 700 ಟನ್ ತೋರಿಸಿದರೆ, ಮೇಲೆ ಬರುತ್ತಾ ಬರುತ್ತಾ ಆ ನೂರು ಟನ್ ವಾಪಸ್ ಬರುತ್ತದೆ. ಮೊದಲ ಎಳೆತಕ್ಕೆ ಇನ್ನೊಂದು ತೊಂದರೆ, ಕೆಸರಿನ ಹಿಡಿತ. ತಳದಲ್ಲಿ ಕೂತ ಉಕ್ಕನ್ನು ಕೆಸರು ಹೀರಿಕೊಂಡು ಹಿಡಿದಿರುತ್ತದೆ. ಅದು ಎಷ್ಟು ಟನ್ನಿನ ಹಿಡಿತ ಎಂದು ಎಳೆಯುವ ತನಕ ಖಚಿತವಾಗಿ ಗೊತ್ತಾಗುವುದಿಲ್ಲ. ಜೊತೆಗೆ ಕಾಣದ ಯಾವುದೋ ಸರಳು ಇನ್ನೊಂದು ತುಂಡಿಗೆ ಅಂಟಿಕೊಂಡಿದ್ದರೆ, ನೀವು ಎತ್ತುತ್ತಿರುವುದು ಒಂದನ್ನಲ್ಲ, ಎರಡನ್ನು. ಅದಕ್ಕೇ ಕ್ರೇನ್ ಆಪರೇಟರ್ ಸುಮ್ನೆ ಎತ್ತುವುದಿಲ್ಲ. ಸ್ವಲ್ಪ ಎಳೆದು ನಿಲ್ಲಿಸುತ್ತಾರೆ, ಭಾರದ ಮೀಟರ್ ನೋಡುತ್ತಾರೆ, ಲೆಕ್ಕಕ್ಕಿಂತ ಜಾಸ್ತಿ ಕಂಡರೆ ಇಳಿಸುತ್ತಾರೆ. ಮತ್ತೆ ಡೈವರ್ ಕೆಳಗೆ ಹೋಗಬೇಕು, ಇನ್ನೊಂದು ಕಡೆ ಕತ್ತರಿಸಬೇಕು.

ಡೈವರ್ ಕೆಲಸ ಹೇಗಿತ್ತು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಳದಲ್ಲಿ ನಾಲ್ಕೈದು ಅಡಿ ಸಡಿಲ ರಾಡಿ. ಕಣ್ಣಿಗೆ ಕಾಣುತ್ತಿದ್ದದ್ದು ಒಂದೆರಡು ಅಡಿ ದೂರ. ಮುಖದ ಮುಂದೆ ಕೈ ಚಾಚಿದರೆ ಬೆರಳು ಕಾಣದ ಸ್ಥಿತಿ. ಸುತ್ತ ಮುರಿದ ಉಕ್ಕಿನ ಚೂಪು ತುದಿಗಳು, ಹರಿದ ಕಾಂಕ್ರೀಟ್ ರಸ್ತೆ, ಅದರಿಂದ ಹೊರಬಂದ ಸರಳುಗಳು. ನೀರೊಳಗೆ ಕ್ಯಾಮರಾ ಇಟ್ಟು ಪ್ರಯೋಜನವಿರಲಿಲ್ಲ. ಹಾಗಾಗಿ ಸದ್ದಿನ ಅಲೆಯಿಂದ ಚಿತ್ರ ಕಟ್ಟುವ ಮೂರು ಆಯಾಮದ ಸೋನಾರ್ ಬಳಸಿದರು. ಮೇಲೆ ದೋಣಿಯಲ್ಲಿ ಕೂತ ಆಪರೇಟರ್ ಪರದೆಯಲ್ಲಿ ಡೈವರನ್ನೂ ಉಕ್ಕನ್ನೂ ಒಟ್ಟಿಗೆ ನೋಡುತ್ತಿದ್ದರು. ಎಡಕ್ಕೆ ಎಷ್ಟು, ಮುಂದಕ್ಕೆ ಎಷ್ಟು, ಕೈ ಎಲ್ಲಿಡಬೇಕು ಎಂದು ಮಾತಿನಲ್ಲಿ ಹೇಳಿ ನಡೆಸುತ್ತಿದ್ದರು. ಡೈವರ್ ತಡವುತ್ತಾ ಹೋಗಿ ಅಳತೆ ಹೇಳಬೇಕು, ಸ್ಲಿಂಗ್, ಅಂದರೆ ಎತ್ತುವ ಹಗ್ಗದ ಕುಣಿಕೆ, ಹಾಕುವ ಜಾಗ ನೋಡಬೇಕು. ಅಂದರೆ ಕಣ್ಣು ಒಬ್ಬರದು, ಕೈ ಇನ್ನೊಬ್ಬರದು.

ಇನ್ನು ಕತ್ತರಿಸುವುದು. ನೀರಿನ ಮೇಲಿನದನ್ನು ಗ್ಯಾಸ್ ಟಾರ್ಚ್‌ನಿಂದ, ಕೆಳಗಿನದನ್ನು ವಜ್ರದ ಹರಳು ಕೂರಿಸಿದ ತಂತಿ ಗರಗಸದಿಂದ, ದೈತ್ಯ ಹೈಡ್ರಾಲಿಕ್ ಕತ್ತರಿಗಳಿಂದ. ಉಪಕರಣ ದೊಡ್ಡ ಸಮಸ್ಯೆಯಲ್ಲ. ಸಮಸ್ಯೆ ಇರುವುದು ಉಕ್ಕಿನೊಳಗೆ ತುಂಬಿಕೊಂಡ ಬಿಗಿತದಲ್ಲಿ. ಬಿದಿರು ಮೆಳೆಯಲ್ಲಿ ಬಗ್ಗಿ ಸಿಕ್ಕಿಕೊಂಡ ಗಳ ಕಡಿದವರಿಗೆ ಇದು ಗೊತ್ತು. ಕತ್ತಿ ತಾಗಿದ ಕ್ಷಣ ಅದು ಯಾವ ಕಡೆ ಚಿಮ್ಮುತ್ತದೆ ಎಂದು ಹೇಳಲಾಗದು, ಎದುರು ನಿಂತವನ ಮುಖ ಹೋಯಿತು. ಇಲ್ಲಿ ಗಳದ ಬದಲು ನೂರಾರು ಟನ್ನಿನ ತೊಲೆ. ಟ್ರಸ್ ನೆಟ್ಟಗೆ ನಿಂತಿದ್ದಾಗ ಯಾವ ತೊಲೆ ಎಳೆತದಲ್ಲಿದೆ, ಯಾವುದು ಒತ್ತಡದಲ್ಲಿದೆ ಎಂದು ನಕ್ಷೆ ನೋಡಿ ಹೇಳಬಹುದು. ಬಿದ್ದು ತಿರುಚಿಕೊಂಡ ಮೇಲೆ ಹಳೆಯ ನಕ್ಷೆಯ ಲೆಕ್ಕ ನಡೆಯುವುದಿಲ್ಲ. ಎಂಜಿನಿಯರುಗಳು ಪ್ರತಿ ಕತ್ತರಿಕೆಗೂ ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಹೊರಗಿನವರಿಗೆ ಇದು ‘ಕ್ರೇನ್ ಸುಮ್ನೆ ನಿಂತಿದೆ’ ಎಂದು ಕಾಣುತ್ತಿತ್ತು. ನಿಂತಿದ್ದಾಗಲೇ ಕೆಲಸ ಜೋರಾಗಿ ನಡೆಯುತ್ತಿತ್ತು.

ಬಂದರು ಪೂರ್ತಿ ಬಿಡಿಸುವ ತನಕ ಕಾಯದೆ, ಸಣ್ಣ ದಾರಿಗಳನ್ನು ಒಂದೊಂದಾಗಿ ತೆರೆದದ್ದು ನನಗೆ ತುಂಬ ಹಿಡಿಸಿದ ತೀರ್ಮಾನ. ಏಪ್ರಿಲ್ 1ಕ್ಕೆ ಈಶಾನ್ಯ ಬದಿಯಲ್ಲಿ ಮೊದಲ ತಾತ್ಕಾಲಿಕ ದಾರಿ. ಆಳ ಬರೀ 11 ಅಡಿ. ದೊಡ್ಡ ಹಡಗಿಗೆ ಅದು ಯಾವ ಮೂಲೆಗೂ ಸಾಲದು. ಆದರೆ ಟಗ್ ಮತ್ತು ಬಾರ್ಜ್ ಹೋಗಬಹುದು. ಮೊದಲು ದಾಟಿದ್ದು ಡೋವರ್ ವಾಯುನೆಲೆಗೆ ವಿಮಾನದ ಇಂಧನ ಒಯ್ಯುವ ಬಾರ್ಜ್. ಮರುದಿನ ಇನ್ನೊಂದು ಬದಿಯಲ್ಲಿ 14 ಅಡಿಯದು. ಏಪ್ರಿಲ್ 19ರ ಹೊತ್ತಿಗೆ 20 ಅಡಿಯದು. ಏಪ್ರಿಲ್ 25ಕ್ಕೆ 35 ಅಡಿ ಆಳ, 300 ಅಡಿ ಅಗಲದ ದಾರಿ ತೆರೆದಾಗ ಒಳಗೆ ಸಿಕ್ಕಿಬಿದ್ದಿದ್ದ ದೊಡ್ಡ ಹಡಗುಗಳಿಗೆ ಬಿಡುಗಡೆ ಸಿಕ್ಕಿತು. ಮೊದಲು ಹೊರಟದ್ದು ಬಾಲ್ಸಾ 94 ಎಂಬ ಸರಕು ಹಡಗು. ಕೆಲವು ದಿನ ಬಿಟ್ಟು ಅದೇ ದಾರಿಯನ್ನು ಮತ್ತೆ ಮುಚ್ಚಿದರು. ಡಾಲಿ ಬಿಡಿಸಬೇಕೆಂದರೆ ಕ್ರೇನ್ ಅಲ್ಲೇ ನಿಲ್ಲಬೇಕಿತ್ತು.

ಸೇನೆಯ ಎಂಜಿನಿಯರ್ ದಳ ಏಪ್ರಿಲ್ ಮೊದಲ ವಾರವೇ ದಿನಾಂಕ ಹೇಳಿಬಿಟ್ಟಿತ್ತು: ಏಪ್ರಿಲ್ ಕೊನೆಗೆ 35 ಅಡಿಯ ದಾರಿ, ಮೇ ಕೊನೆಗೆ ಪೂರ್ತಿ ದಾರಿ. ನೀರೊಳಗೆ ಏನಿದೆ ಎಂದು ಸರಿಯಾಗಿ ಗೊತ್ತಿಲ್ಲದಾಗ ಹೀಗೆ ಹೇಳುವುದು ಧೈರ್ಯವೇ ಸರಿ. ಮೊದಲನೆಯದನ್ನು ಮಾತಿಗೆ ತಕ್ಕಂತೆ ಮುಗಿಸಿದರು. ಎರಡನೆಯದು ಸುಮಾರು ಹತ್ತು ದಿನ ತಡವಾಯಿತು.

ನಡುವೆ ಹಲವು ಸಲ ಕೆಲಸ ನಿಂತಿದೆ. ಗುಡುಗು ಮಿಂಚು ಬಂದರೆ ಕ್ರೇನ್ ಇಳಿಸಲೇಬೇಕು. ಇನ್ನೊಂದು ಕಾರಣಕ್ಕೂ ನಿಂತಿತು. ತೆರವಿನ ತಂಡಕ್ಕೆ ತಳದಲ್ಲಿ ಕೆಲಸಗಾರರ ವಾಹನ ಸಿಕ್ಕಿದಾಗಲೆಲ್ಲ ಎಲ್ಲ ಬಿಟ್ಟು ಪೊಲೀಸ್ ಡೈವರುಗಳಿಗೆ ಜಾಗ ಕೊಟ್ಟರು. ಮೊದಲಿಬ್ಬರು ಮರುದಿನವೇ, ಮುಳುಗಿದ್ದ ಪಿಕಪ್ ವಾಹನವೊಂದರಲ್ಲಿ ಸಿಕ್ಕಿದ್ದರು. ಆರನೆಯವರು ಸಿಕ್ಕಿದ್ದು ಮೇ 7ಕ್ಕೆ. ಆರು ವಾರ ಆ ಮನೆಯವರು ಕಾದರು. ಕ್ರೇನ್ ಕೆಲಸ ಬೇಗ ಮುಗಿಯಬೇಕೆಂದು ಬಂದರಿನವರು, ಕಂಪನಿ, ಸರ್ಕಾರ ಎಲ್ಲ ಒತ್ತುತ್ತಿದ್ದಾಗಲೂ ಈ ಒಂದು ವಿಷಯದಲ್ಲಿ ಆತುರ ಮಾಡಲಿಲ್ಲ ಎಂಬುದನ್ನು ಬರೆದಿಡಬೇಕು.

ಡಾಲಿಯ ಮೂತಿಯ ಮೇಲೆ ಬಿದ್ದಿದ್ದ ಭಾಗ ಎಲ್ಲಕ್ಕಿಂತ ಕಗ್ಗಂಟು. ನೂರಾರು ಟನ್ನಿನ ಟ್ರಸ್. ಒಂದು ತುದಿ ಹಡಗಿನ ಮೇಲೆ, ಇನ್ನೊಂದು ತುದಿ ನದಿ ತಳದಲ್ಲಿ. ಹಡಗಿನ ಮುಂಭಾಗ ಕೆಸರಿನಲ್ಲಿ ನಾಟಿಕೊಂಡಿತ್ತು. ಮೊದಲು ಮುಂಭಾಗದ ನೂರಕ್ಕೂ ಹೆಚ್ಚು ಕಂಟೇನರ್‌ಗಳನ್ನು ಒಂದೊಂದಾಗಿ ಇಳಿಸಿದರು. ಆಮೇಲೆ ಪ್ರಶ್ನೆ: ಇದನ್ನು ಜನ ಹತ್ತಿ ಕತ್ತರಿಸುವುದೋ? ಕತ್ತರಿಸುವವರು ನಿಲ್ಲಬೇಕಾದದ್ದು ಯಾವಾಗ ಚಿಮ್ಮುತ್ತದೋ ತಿಳಿಯದ ಉಕ್ಕಿನ ಪಕ್ಕದಲ್ಲೇ. ಬೇಡ ಅಂತ ತೀರ್ಮಾನಿಸಿ ಸ್ಫೋಟಕ ಬಳಸಿದರು. ಲೆಕ್ಕ ಹಾಕಿದ ಜಾಗಗಳಲ್ಲಿ ಮೊದಲೇ ಅರೆಬರೆ ಸೀಳಿ, ಸಣ್ಣ ಸಣ್ಣ ಸ್ಫೋಟಕ ಕೂರಿಸಿದರು. ಹವಾಮಾನ ಕೈಕೊಟ್ಟು ಒಂದು ದಿನ ಮುಂದಕ್ಕೆ ಹೋಗಿ, ಮೇ 13ರ ಸಂಜೆ ಸಿಡಿಸಿದರು. ಸಾಲಾಗಿ ಪಟಪಟ ಸದ್ದು, ಹೊಗೆ, ಟ್ರಸ್ ಜಾರಿ ನೀರಿಗೆ. ಕೆಲವೇ ಸೆಕೆಂಡಿನ ಕೆಲಸ.

ಆಗಲೂ ಸಿಬ್ಬಂದಿ ಹಡಗಿನೊಳಗೇ ಇದ್ದರು! ತನಿಖೆ, ವೀಸಾ ತೊಡಕು ಎಲ್ಲ ಸೇರಿ ಅವರಿಗೆ ದಡಕ್ಕೆ ಕಾಲಿಡಲು ಆಗಿರಲಿಲ್ಲ. ಏಪ್ರಿಲ್ ನಡುವೆ ಎಫ್‌ಬಿಐ ಹಡಗು ಹತ್ತಿ ಅವರ ಮೊಬೈಲ್‌ಗಳನ್ನೂ ತೆಗೆದುಕೊಂಡು ಹೋಗಿತ್ತು. ಊರಿಗೆ ಫೋನ್ ಮಾಡುವುದೂ ಕಷ್ಟವಾಯಿತು. ಸಿಬ್ಬಂದಿಯ ಮೊದಲ ತಂಡ ಮನೆಗೆ ಹೊರಟದ್ದು ಜೂನ್ ಮೂರನೇ ವಾರದಲ್ಲಿ. ಇಡೀ ಪ್ರಕರಣದಲ್ಲಿ ನನಗೆ ಸರಿಕಾಣದ ಭಾಗ ಇದು. ತನಿಖೆ ಬೇಕು, ನಿಜ. ಆದರೆ ಮೂರು ತಿಂಗಳು ಜನರನ್ನು ಮುರಿದ ಹಡಗಿನಲ್ಲೇ ಇಡುವುದಕ್ಕೆ ಬೇರೆ ದಾರಿ ಇರಲಿಲ್ಲವೇ?

ಮೇ 20ರ ಬೆಳಿಗ್ಗೆ, ನೀರು ಏರಿದ ಹೊತ್ತಿಗೆ ಡಾಲಿ ಕೆಸರಿನಿಂದ ಬಿಡಿಸಿಕೊಂಡು ತೇಲಿತು. ಟಗ್‌ಗಳು ಅದನ್ನು ನಾಲ್ಕು ಕಿಲೋಮೀಟರ್ ದೂರದ ಸೀಗರ್ಟ್ ಟರ್ಮಿನಲ್‌ಗೆ ಒಯ್ದವು. ಗಂಟೆಗೆ ಒಂದು ಮೈಲಿ ವೇಗ, ನಾವು ನಡೆಯುವುದಕ್ಕಿಂತ ನಿಧಾನ. ಅದು ಹೊರಟದ್ದೂ ಅಲ್ಲಿಂದಲೇ.

ಜನ ಇಲ್ಲಿಗೆ ಮುಗಿಯಿತು ಎಂದುಕೊಂಡರು. ಮುಗಿದಿರಲಿಲ್ಲ. 50 ಅಡಿ ಆಳ ಬೇಕೆಂದರೆ ತಳದ ಕೆಸರಿನೊಳಗೆ ಹೂತುಹೋದ ಟ್ರಸ್‌ನ ಕೆಳಗಿನ ತೊಲೆಗಳೂ ಹೊರಬರಬೇಕು. ಒಂದು ಉಕ್ಕಿನ ತುದಿ ಉಳಿದರೂ ಹಡಗಿನ ತಳ ಸೀಳುತ್ತದೆ. ಇಂಥ ಕೆಲಸಕ್ಕೆಂದೇ ಚೆಸಪೀಕ್ 1000ಕ್ಕೆ ತೂಗುಹಾಕಿದ್ದ ಸಲಕರಣೆ ಒಂದಿತ್ತು: ನಾಲ್ಕು ಉಗುರಿನ ದೈತ್ಯ ಹೈಡ್ರಾಲಿಕ್ ಗ್ರ್ಯಾಬ್. ಕೆಲಸಗಾರರು ಅದಕ್ಕೆ ‘ಗಸ್’ ಎಂದು ಹೆಸರಿಟ್ಟಿದ್ದರು. ಡೈವರ್ ಇಳಿದು ಸ್ಲಿಂಗ್ ಹಾಕುವ ಗೋಜಿಲ್ಲ. ಗ್ರ್ಯಾಬ್ ಬಾಯಿ ತೆರೆದು ಇಳಿಯುತ್ತದೆ, ಕೆಸರು ಸಮೇತ ಕಚ್ಚಿ ಹಿಡಿದು ಮೇಲೆ ಬರುತ್ತದೆ. ಮೊದಲೇ ಎಲ್ಲ ಕಡೆ ಇದನ್ನೇ ಬಳಸಬಹುದಿತ್ತಲ್ವಾ ಅನ್ನಿಸಬಹುದು. ಹೂತದ್ದು ತಿರುಚಿಕೊಂಡು ಇನ್ನೊಂದಕ್ಕೆ ಬಿಗಿದಿದ್ದರೆ ಗ್ರ್ಯಾಬ್ ಎಳೆದಾಗ ಏನು ಬರುತ್ತದೋ ಹೇಳಲಾಗದು. ಬಿಡಿಸಿ, ಸಡಿಲ ಮಾಡಿ, ಜನರನ್ನೆಲ್ಲ ಹುಡುಕಿ ಆದ ಮೇಲೆಯೇ ಅದರ ಸರದಿ.

ಎತ್ತಿದ್ದೆಲ್ಲ ಹೋದದ್ದು ಸಮೀಪದ ಸ್ಪ್ಯಾರೋಸ್ ಪಾಯಿಂಟ್‌ಗೆ. ಒಂದು ಕಾಲಕ್ಕೆ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ದೊಡ್ಡ ಉಕ್ಕಿನ ಕಾರ್ಖಾನೆ ಇದ್ದ ಜಾಗ ಅದು. ಅಲ್ಲಿ ತುಂಡುಗಳನ್ನು ಮತ್ತೆ ಸಣ್ಣದಾಗಿ ಕತ್ತರಿಸಿ ವಿಂಗಡಿಸಿದರು. ಈ ಜಾಗ ಸೇತುವೆಯ ಹೊರಗೆ, ಸಮುದ್ರದ ಕಡೆ ಇದ್ದದ್ದೂ ಅದೃಷ್ಟ. ಹಡಗು ದಾರಿ ಮುಚ್ಚಿದ್ದಾಗ ಕಾರು ಹೊತ್ತ ಕೆಲವು ಹಡಗುಗಳು ಅಲ್ಲೇ ಸರಕು ಇಳಿಸಿದವು.

ಜೂನ್ 10ಕ್ಕೆ 700 ಅಡಿ ಅಗಲ, 50 ಅಡಿ ಆಳದ ದಾರಿ ಪೂರ್ತಿ ತೆರೆಯಿತು. ಹೊರತೆಗೆದದ್ದು ಸುಮಾರು 50,000 ಟನ್. 13 ತೇಲುವ ಕ್ರೇನ್, 18 ಬಾರ್ಜ್, 22 ಟಗ್ ಕೆಲಸ ಮಾಡಿದ್ದವು. ಸರ್ಕಾರದ ಐವತ್ತಾರು ಸಂಸ್ಥೆಗಳ ಜನ ಸೇರಿದ್ದರು. ಇಷ್ಟು ಅಪಾಯದ ಕೆಲಸದಲ್ಲಿ ತೆರವಿನ ತಂಡದ ಒಬ್ಬರೂ ಜೀವ ಕಳೆದುಕೊಳ್ಳಲಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಂಕಿ ಅದು. ಹತ್ತು ದಿನದ ತಡ ಅದರ ಮುಂದೆ ಲೆಕ್ಕಕ್ಕಿಲ್ಲ.

ಅಷ್ಟಕ್ಕೂ ಹಡಗಿನ ಕರೆಂಟು ಹೋದದ್ದು ಯಾಕೆ? ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2025ರ ನವೆಂಬರ್‌ನಲ್ಲಿ ಉತ್ತರ ಕೊಟ್ಟಿತು. ಒಂದು ಸಿಗ್ನಲ್ ವೈರು ಸಡಿಲವಾಗಿತ್ತು. ವೈರಿಗೆ ಹೆಸರಿನ ಪಟ್ಟಿ ಹಾಕುತ್ತಾರಲ್ಲ, ಅದು ತುದಿಗೆ ಸರಿದು ಕೂತಿದ್ದರಿಂದ ವೈರು ಟರ್ಮಿನಲ್‌ನೊಳಗೆ ಪೂರ್ತಿ ಹೋಗಿರಲಿಲ್ಲ. ಅದೇ ಮಂಡಳಿ ಇನ್ನೊಂದನ್ನೂ ಹೇಳಿತ್ತು: ದೊಡ್ಡ ಹಡಗು ಗುದ್ದಿದರೆ ಬೀಳುವ ಅಪಾಯ ಈ ಸೇತುವೆಗೆ, ಮಾನದಂಡ ಒಪ್ಪುವ ಮಿತಿಗಿಂತ ಸುಮಾರು 30 ಪಟ್ಟು ಇತ್ತು. ಯಾರೂ ಆ ಲೆಕ್ಕ ಹಾಕಿ ನೋಡಿರಲಿಲ್ಲ. ವೈರಿನ ಸುದ್ದಿ ಎಲ್ಲರ ಬಾಯಲ್ಲಿ ಉಳಿಯಿತು. ನನಗೆ ಜಾಸ್ತಿ ಮುಖ್ಯ ಎರಡನೆಯದು.

ಖರ್ಚಿನ ಲೆಕ್ಕ ಈಗಲೂ ನಡೆಯುತ್ತಿದೆ. ತುರ್ತು ಕೆಲಸ ಮತ್ತು ತೆರವಿಗೆ ಅಮೆರಿಕದ ಸರ್ಕಾರ ಹಾಕಿದ ಹಣಕ್ಕೆ ಹಡಗಿನ ಮಾಲೀಕ ಗ್ರೇಸ್ ಓಷನ್ ಮತ್ತು ನಡೆಸುವ ಸಿನರ್ಜಿ ಮರೀನ್ 2024ರ ಅಕ್ಟೋಬರ್‌ನಲ್ಲಿ ಸುಮಾರು 10.2 ಕೋಟಿ ಡಾಲರ್ ಕೊಡಲು ಒಪ್ಪಿದವು. ಹೊಸ ಸೇತುವೆಗೆ ಮೊದಲು ಹೇಳಿದ್ದು 170ರಿಂದ 190 ಕೋಟಿ ಡಾಲರ್, 2028ಕ್ಕೆ ಮುಗಿಸುವ ಮಾತು. 2025ರ ನವೆಂಬರ್‌ನಲ್ಲಿ ಅದು 430ರಿಂದ 520 ಕೋಟಿಗೆ ಏರಿತು, ಗಡುವು 2030ರ ಕೊನೆಗೆ ಹೋಯಿತು.